ಮೊದಲಿನ ಮುಖ

ನಮ್ಮ ದೊಡ್ಡಮ್ಮನ ಮುಖ ಬಹಳ ವರ್ಷ ಊರಿನ ದೊಡ್ಡ ಸಿಗ್ನಲ್ಲಿನ ಎದುರು, ಔಷಧಿ ಅಂಗಡಿಯ ನೆತ್ತಿಯ ಮೇಲೆ ನೇತಾಡಿಕೊಂಡಿತ್ತು. ಬ್ಯೂಟಿ ಪಾರ್ಲರಿನ ಬೋರ್ಡು ಅದು. ಎಡಗಡೆ ಒಂದು ಮುಖ, ಬಲಗಡೆ ಒಂದು ಮುಖ. ಎಡಗಡೆಯದರ ಕೆಳಗೆ ‘ಮೊದಲು’ ಅಂತ, ಬಲಗಡೆಯದರ ಕೆಳಗೆ ‘ನಂತರ’ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಎಡಗಡೆಯದು ದೊಡ್ಡಮ್ಮ. ಬಲಗಡೆಯದು ನಮ್ಮ ಅಮ್ಮ.

ಬೋರ್ಡು ನೋಡಿದವರಿಗೆ ಮಾತ್ರ ಎರಡೂ ಒಂದೇ ಹೆಂಗಸಿನ ಮುಖ. ಹಾಗೆ ತಿಳಿಯಲಿ ಅಂತಲೇ ಪಾರ್ಲರಿನ ಮೇಡಂ ಹಾಕಿಸಿದ್ದು. ಅಕ್ಕನ ಮುಖಕ್ಕೆ ಮೇಕಪ್ ಹಾಕಿದರೆ ತಂಗಿಯ ಮುಖ ಬರುತ್ತದೆ ಅಂತ ನಡುರಸ್ತೆಯಲ್ಲಿ ಸುಳ್ಳು ಹೇಳಿ, ಆ ಸುಳ್ಳಿಗೆ ಸಂಜೆಯಾದರೆ ದೀಪವನ್ನೂ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಇದನ್ನು ಯಾರೂ ಸುಳ್ಳು ಅನ್ನುತ್ತಿರಲಿಲ್ಲ, ವ್ಯಾಪಾರ ಅನ್ನುತ್ತಿದ್ದರು.

ಅಮ್ಮನ ಕಡೆಯ ಹೆಂಗಸರಲ್ಲಿ ತಲೆಮಾರಿಗೆ ಒಬ್ಬಳಿಗೆ ಆ ಎಡಗಡೆಯ ಮುಖ ಬರುತ್ತದೆ. ಹಣೆ ಎಷ್ಟು ಅಗಲವೋ ದವಡೆಯೂ ಅಷ್ಟೇ ಅಗಲ. ಬೇರೆಯವರಲ್ಲಿ ಕಿವಿಯ ಕೆಳಗಿನ ಮೂಳೆ ಸುಮ್ಮನೆ ಗದ್ದದ ಕಡೆ ಜಾರಿಕೊಳ್ಳುತ್ತದೆ. ನಮ್ಮಲ್ಲಿ ನೆಟ್ಟಗೆ ಕೆಳಗಿಳಿದು, ಮೂಲೆಯಲ್ಲಿ ನಿಂತು, ಆಮೇಲೆ ತಿರುಗುತ್ತದೆ. ಪಾರ್ಲರಿನ ಭಾಷೆಯಲ್ಲಿ ಇದಕ್ಕೆ ಸ್ಕ್ವೇರ್ ಫೇಸ್ ಅಂತ ಹೆಸರು. ನಮ್ಮ ಅಜ್ಜಿಯ ಭಾಷೆಯಲ್ಲಿ ಪೆಟ್ಟಿಗೆ ಮುಖ. ದೊಡ್ಡಮ್ಮನನ್ನು ಹೆತ್ತ ದಿನ ಅಜ್ಜಿ ‘ಪೆಟ್ಟಿಗೆ ಬಂತು’ ಅಂದಳಂತೆ. ಕೆಲವು ವರ್ಷ ಬಿಟ್ಟು ನಮ್ಮ ಅಮ್ಮ ಹುಟ್ಟಿದಾಗ ‘ಸದ್ಯ’ ಅಂದಳಂತೆ. ಆ ಒಂದು ‘ಸದ್ಯ’ದ ಮೇಲೆ ನಮ್ಮ ಅಮ್ಮ ಜೀವಮಾನವೆಲ್ಲ ಕೂತು ಉಂಡಿದ್ದಾಳೆ.

ಉಳಿದಂತೆ ಅಕ್ಕತಂಗಿಯರು ತದ್ರೂಪ. ಅದೇ ಕಣ್ಣು, ಅದೇ ಹುಬ್ಬು, ತುದಿಯಲ್ಲಿ ಸ್ವಲ್ಪ ಚಪ್ಪಟೆಯಾದ ಅದೇ ಮೂಗು. ದವಡೆಯೊಂದೇ ಬೇರೆ. ದೇವರು ಇಬ್ಬರನ್ನೂ ಒಂದೇ ಹಿಟ್ಟಿನಲ್ಲಿ ಮಾಡಿ, ದೊಡ್ಡಮ್ಮನ ಮೂಲೆ ಉಜ್ಜುವಷ್ಟರಲ್ಲಿ ಯಾರೋ ಕರೆದರು ಅಂತ ಎದ್ದುಹೋದ.

ದೊಡ್ಡಮ್ಮ ಪಾರ್ಲರಿಗೆ ಸೇರಿದ್ದು ಕಸ ಗುಡಿಸಲು, ಟವೆಲ್ ಒಗೆಯಲು. ಗುಡಿಸುತ್ತಾ ಗುಡಿಸುತ್ತಾ ನೋಡಿಕೊಂಡಳು, ನೋಡಿಕೊಂಡದ್ದನ್ನು ರಾತ್ರಿ ತನ್ನ ಮುಖದ ಮೇಲೆ ಮಾಡಿ ನೋಡಿದಳು. ಕಲಿಯಲು ಅವಳಿಗೆ ಬೇರೆ ಮುಖ ಎಲ್ಲಿತ್ತು? ಪೆಟ್ಟಿಗೆ ಮುಖಕ್ಕೆ ಏನು ಮಾಡಬೇಕು ಅನ್ನುವುದು ಅವಳ ಕೈಗೆ ಹಾಗೆ ಬಂತು. ಮೈಬಣ್ಣಕ್ಕಿಂತ ಕಪ್ಪಗಿರುವ ಕಾಂಟೂರ್ ಕ್ರೀಮನ್ನು ನಾಲ್ಕು ಮೂಲೆಗೆ ಹಚ್ಚಬೇಕು, ಹಣೆಯ ಎರಡು ಮೂಲೆ, ದವಡೆಯ ಎರಡು ಮೂಲೆ. ನೆರಳು ಬಿದ್ದ ಜಾಗ ಹಿಂದಕ್ಕೆ ಸರಿದಂತೆ ಕಾಣುತ್ತದೆ. ತಿಳಿಯಾದ ಹೈಲೈಟನ್ನು ಹಣೆಯ ನಡುವೆ, ಮೂಗಿನ ಮೇಲೆ, ಕಣ್ಣಿನ ಕೆಳಗೆ, ಗದ್ದದ ನಡುವೆ ಇಡಬೇಕು. ಬೆಳಕು ಬಿದ್ದ ಜಾಗ ಮುಂದಕ್ಕೆ ಬರುತ್ತದೆ. ನೋಡುವವರ ಕಣ್ಣು ಮೂಲೆ ಬಿಟ್ಟು ನಡುವೆ ನಿಲ್ಲುತ್ತದೆ. ಇಷ್ಟನ್ನು ಯಾರು ಬೇಕಾದರೂ ಹೇಳಿಯಾರು. ಕಷ್ಟ ಇರುವುದು ಕಪ್ಪೂ ಬಿಳುಪೂ ಸೇರುವ ಗಡಿಯನ್ನು ಅಳಿಸುವುದರಲ್ಲಿ. ಸ್ಪಂಜನ್ನು ಒದ್ದೆ ಮಾಡಿ, ಹಿಂಡಿ, ಕಿವಿಯ ಕೆಳಗಿನಿಂದ ಕತ್ತಿನವರೆಗೆ ತಟ್ಟುತ್ತಾ ಹೋಗಬೇಕು, ಎಳೆಯಬಾರದು. “ಬಣ್ಣ ನಿಂತಿದ್ರೆ ಮೇಕಪ್, ಕೂತ್ರೆ ಮುಖ” ಅನ್ನುತ್ತಿದ್ದಳು ದೊಡ್ಡಮ್ಮ. ಕೂರಿಸುವುದರಲ್ಲಿ ಅವಳ ಕೈಗೆ ಸರಿಸಾಟಿಯಾದವರು ಆ ಪಾರ್ಲರಿನಲ್ಲಿ ಇರಲಿಲ್ಲ.

ಅಜ್ಜಿಗೆ ಮಾತ್ರ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. “ಬೇರೆಯೋರ ಮುಖಕ್ಕೆ ಮಸಿ ಬಳಿಯೋದಕ್ಕೆ ಸಂಬಳ ಬೇರೆ ಕೊಡ್ತಾರಾ?” ಅನ್ನುತ್ತಿದ್ದಳು.

ಬೋರ್ಡಿಗೆ ಫೋಟೋ ತೆಗೆಸಿದ ಕಥೆಯನ್ನು ನಾನು ದೊಡ್ಡಮ್ಮನ ಬಾಯಲ್ಲೂ ಅಮ್ಮನ ಬಾಯಲ್ಲೂ ಕೇಳಿದ್ದೇನೆ. ಅಮ್ಮ ಹೇಳುವಾಗ ನಗುತ್ತಾಳೆ. ಪಾರ್ಲರಿಗೆ ಬೋರ್ಡು ಬೇಕಾದಾಗ ಮೇಡಮ್ಮಿಗೆ ‘ಮೊದಲು’ ಎಂಬುದಕ್ಕೆ ಹುಡುಕುವ ಕಷ್ಟವೇ ಬರಲಿಲ್ಲ. ಪಕ್ಕದಲ್ಲೇ ಟವೆಲ್ ಮಡಿಸುತ್ತಾ ನಿಂತಿತ್ತು. ದೊಡ್ಡಮ್ಮ ಖುಷಿಯಿಂದಲೇ ಒಪ್ಪಿದಳು. ಎಡಗಡೆಗೆ ಒಪ್ಪಿದರೆ ಬಲಗಡೆಯೂ ತನ್ನದೇ ಅಲ್ಲವೇ? ತನ್ನ ಕೈಕೆಲಸವನ್ನು ತನ್ನದೇ ಮುಖದ ಮೇಲೆ ಊರೆಲ್ಲ ನೋಡುತ್ತದೆ. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಫೋಟೋದವನು ಮದುವೆ ಮನೆಗಳಲ್ಲಿ ತೆಗೆಯುವವನು. ‘ಮೊದಲು’ ತೆಗೆಯುವಾಗ “ನಗಬೇಡಿ, ನಕ್ಕರೆ ವ್ಯತ್ಯಾಸ ಗೊತ್ತಾಗಲ್ಲ” ಅಂದನಂತೆ. ನಗಲಿಲ್ಲ. ಆಮೇಲೆ ಒಳಗಿನ ಕೋಣೆಗೆ ಹೋಗಿ ಟ್ಯೂಬ್‌ಲೈಟಿನ ಕೆಳಗೆ ಕೂತು ಮುಖ ತಿದ್ದಿಕೊಂಡಳು. ಅಳಿಸಿಹೋಗಬಾರದು ಅಂತ ಮೇಲಿಂದ ಪೌಡರನ್ನು ಧಾರಾಳವಾಗಿ ಹಾಕಿದಳು. ಕನ್ನಡಿಯಲ್ಲಿ ಮೂಲೆಗಳು ಇರಲಿಲ್ಲ. ಹೊರಗೆ ಬಂದಳು, ನಕ್ಕಳು, ಫ್ಲ್ಯಾಶ್ ಹೊಡೆಯಿತು.

ಮಾರನೆಯ ದಿನ ಫೋಟೋದವನು ಫೋಟೋ ತೊಳೆದು ತಂದಾಗ ಕಣ್ಣಿನ ಕೆಳಗೆ, ಗದ್ದದ ಮೇಲೆ ಸುಣ್ಣ ಬಳಿದ ಹಾಗಿತ್ತು. ದವಡೆಯ ನೆರಳನ್ನೆಲ್ಲ ಫ್ಲ್ಯಾಶ್ ತಿಂದುಹಾಕಿತ್ತು. ಟ್ಯೂಬ್‌ಲೈಟಿಗೆ ಮಾಡಿದ ಮುಖ ಫ್ಲ್ಯಾಶಿಗೆ ನಿಲ್ಲುವುದಿಲ್ಲ, ಪೌಡರು ಫ್ಲ್ಯಾಶನ್ನು ಹಾಗೇ ವಾಪಸು ಎಸೆಯುತ್ತದೆ ಅನ್ನುವುದು ಅವಳಿಗೆ ಆಗ ಗೊತ್ತಿರಲಿಲ್ಲ. “ಇನ್ನೊಂದ್ಸಲ ತೆಗೀರಿ ಮೇಡಂ, ಪೌಡರ್ ಕಮ್ಮಿ ಮಾಡ್ತೀನಿ” ಅಂದಳು. ಬೋರ್ಡಿನವನು ಬಾಗಿಲಲ್ಲಿ ಕಾಯುತ್ತಿದ್ದ. ಅದೇ ಹೊತ್ತಿಗೆ ಅಮ್ಮ ಅಕ್ಕನಿಗೆ ಊಟದ ಡಬ್ಬಿ ಹಿಡಿದುಕೊಂಡು ಒಳಗೆ ಬಂದಳು. ಮೇಡಂ ಅಮ್ಮನ ಮುಖ ನೋಡಿದಳು, ಕೈಯಲ್ಲಿದ್ದ ಫೋಟೋ ನೋಡಿದಳು, ಮತ್ತೆ ಅಮ್ಮನನ್ನು ನೋಡಿದಳು.

“ನಿನ್ ಕೋಟ್ ಬಿಚ್ಚಿ ಇವಳಿಗೆ ಕೊಡೇ” ಅಂದಳು ದೊಡ್ಡಮ್ಮನಿಗೆ.

ದೊಡ್ಡಮ್ಮ ಪಾರ್ಲರಿನ ಗುಲಾಬಿ ಕೋಟನ್ನು ಬಿಚ್ಚಿ ತಂಗಿಗೆ ತೊಡಿಸಿದಳು. ಬೈತಲೆಯನ್ನು ತನ್ನ ಹಾಗೇ ಬಾಚಿದಳು. ಮುಖಕ್ಕೆ ಒಂದಿಷ್ಟು ಪೌಡರು ತಟ್ಟಿದಳು, ಈ ಸಲ ಅಳತೆಯಾಗಿ. ಅಮ್ಮ ನಕ್ಕಳು. ಅವಳಿಗೆ ನಗಬೇಡ ಅಂತ ಯಾರೂ ಹೇಳಲಿಲ್ಲ.

ಆವತ್ತಿನಿಂದ ಪಾರ್ಲರಿನಲ್ಲಿ ದೊಡ್ಡಮ್ಮನ ಹೆಸರು ‘ಮೊದಲು’ ಅಂತಾಯಿತು. ಚಿಕ್ಕ ಹುಡುಗಿಯರು ಮೊದಲಕ್ಕ ಅನ್ನುತ್ತಿದ್ದರು. ಮನೆಯಲ್ಲಿ ಮೊದಲು ಹುಟ್ಟಿದವಳು, ಪಾರ್ಲರಿಗೆ ಮೊದಲು ಸೇರಿದವಳು, ಬೆಳಿಗ್ಗೆ ಮೊದಲು ಬಂದು ಬಾಗಿಲು ತೆಗೆಯುವವಳು. ಆದರೂ ಆ ಹೆಸರಿನ ಅರ್ಥ ಅದಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಬೋರ್ಡು ನೋಡಿ ಅಗಲ ದವಡೆಯ ಹೆಂಗಸರು ಎಲ್ಲೆಲ್ಲಿಂದಲೋ ಬಂದರು. ಸುಳ್ಳು ನೋಡಿ ಬಂದವರಿಗೆ ದೊಡ್ಡಮ್ಮ ನಿಜವಾದ ಕೆಲಸ ಮಾಡಿ ಕಳಿಸಿದಳು. ಅವರು ಕನ್ನಡಿ ನೋಡಿಕೊಂಡು ಬೋರ್ಡಿನ ಹಾಗೇ ಆಗಿದೆ ಅಂತ ಹೊಗಳುತ್ತಿದ್ದರು. ಬಿಸಿಲಿಗೆ ಬಣ್ಣ ಮಾಸಿ ಬೋರ್ಡನ್ನು ಹೊಸದಾಗಿ ಮಾಡಿಸುವಾಗಲೆಲ್ಲ ದೊಡ್ಡಮ್ಮ ಕೇಳುತ್ತಿದ್ದಳು, “ಈ ಸಲ ಬಲಗಡೇಗೂ ನಂದೇ ತೆಗೆಸಿ ಮೇಡಂ, ಈಗ ಚೆನ್ನಾಗಿ ಬರುತ್ತೆ.” ಮೇಡಮ್ಮಿನದು ಒಂದೇ ಉತ್ತರ: “ನಿನ್ನ ನಂತರ, ನಂತರದ ಥರ ಕಾಣಲ್ಲ ಕಣೇ.” ಈ ಹೆಂಗಸು ಸತ್ತಮೇಲೆ ಎಲ್ಲಿಗೆ ಹೋದಳೋ, ಅಲ್ಲಿ ಕನ್ನಡಿ ಇರದಿರಲಿ ಅಂತ ನನ್ನ ಹಾರೈಕೆ.

ಬೋರ್ಡು ಬಂದು ಎರಡನೆಯ ವರ್ಷವೋ ಏನೋ, ಒಂದು ಮಧ್ಯಾಹ್ನ ಪಾರ್ಲರಿನ ಬಾಗಿಲಿಗೆ ಒಬ್ಬ ಗಂಡಸು ಬಂದ. ಸಿಟಿ ಬಸ್ಸಿನ ಡ್ರೈವರು. ಅವನ ಬಸ್ಸು ದಿನಾ ಆ ಸಿಗ್ನಲ್ಲಿನಲ್ಲಿ ನಿಲ್ಲುತ್ತಿತ್ತು. ಗಂಡಸರು ಬರುವ ಜಾಗವಲ್ಲ ಅಂತ ಗೊತ್ತಿದ್ದರಿಂದ ಹೊಸ್ತಿಲ ಹೊರಗೇ ನಿಂತು, ಟೋಪಿ ಕೈಯಲ್ಲಿ ತಿರುಗಿಸುತ್ತಾ ಕೇಳಿದ, “ಬೋರ್ಡಲ್ಲಿರೋ ಹುಡುಗಿ ಯಾರು ಅಂತ ತಿಳ್ಕೋಬೋದಾ? ಮನೇವರನ್ನ ಕಾಣಬೇಕಿತ್ತು.” ದೊಡ್ಡಮ್ಮ ಪರದೆಯ ಆಚೆ ಯಾರದೋ ಹುಬ್ಬು ತೀಡುತ್ತಿದ್ದಳು. ಮೇಡಂ ಹೆಚ್ಚು ಮಾತಿಗೆ ಎಡೆ ಕೊಡದೆ, “ಅದು ನಮ್ಮಲ್ಲಿ ಕೆಲಸ ಮಾಡೋ ಹುಡುಗಿ ತಂಗಿ” ಅಂತ ಮನೆಯ ವಿಳಾಸ ಕೊಟ್ಟು ಕಳಿಸಿದಳು. ಬೋರ್ಡು ನೋಡಿ ಬಂದ ಗಂಡಸು ಬಲಗಡೆಯವಳಿಗೇ ಬಂದಿರಬೇಕು. ಇದರಲ್ಲಿ ಕೇಳುವುದೇನಿದೆ? ಮೇಡಂ ಕೇಳಲಿಲ್ಲ, ಅಜ್ಜಿ ಕೇಳಲಿಲ್ಲ, ಅಮ್ಮ ಕೇಳಲಿಲ್ಲ. ದೊಡ್ಡಮ್ಮನಿಗಂತೂ ಕೇಳಬೇಕು ಅಂತ ಹೊಳೆಯಲೇ ಇಲ್ಲ.

ಆ ಭಾನುವಾರ ಅವನು ತನ್ನ ಅಕ್ಕನನ್ನು ಕರೆದುಕೊಂಡು ಮನೆಗೆ ಬರುವವನಿದ್ದ. ಮೇಡಂ ಹಿಂದಿನ ದಿನವೇ ದೊಡ್ಡಮ್ಮನನ್ನು ಒಳಗೆ ಕರೆದು ಹೇಳಿದಳು: ಅವನೆದುರು ಬರೀ ಮುಖದಲ್ಲಿ ಕಾಣಿಸಿಕೊಂಡರೆ ಬೋರ್ಡಿನ ಗುಟ್ಟು ರಟ್ಟಾಗುತ್ತದೆ, ರಟ್ಟಾದರೆ ನಿನಗೆ ಇಲ್ಲಿ ಕೆಲಸವಿಲ್ಲ. ಅಮ್ಮನಿಗೂ ಹೇಳಿಕಳಿಸಿದಳು: ಮೇಕಪ್ಪಾ ಅಂತ ಕೇಳಿದರೆ ಹೌದು ಅನ್ನಬೇಕು. ಅಜ್ಜಿ ಇನ್ನೂ ಸುಲಭ ಮಾಡಿದಳು. “ಅಡುಗೆಮನೆ ಬಿಟ್ಟು ಬರಬೇಡ. ಇಲ್ಲ, ಆ ಪೆಟ್ಟಿಗೆಗೆ ಏನಾದ್ರೂ ಬಳ್ಕೊಂಡು ಬಾ.”

ದೊಡ್ಡಮ್ಮ ಬಳಿದುಕೊಳ್ಳುವುದನ್ನು ಆರಿಸಿಕೊಂಡಳು. ಭಾನುವಾರ ಬೆಳಿಗ್ಗೆ ಹಿಂದಿನ ಕೋಣೆಯ ಕಿಟಕಿಯ ಮುಂದೆ ಕೂತಳು. ಈಗ ಅವಳಿಗೆ ಬೆಳಕಿನ ಬುದ್ಧಿ ಗೊತ್ತಿತ್ತು. ಬರುವವರು ಕೂರುವುದು ಹಗಲು ಬೆಳಕು ಬೀಳುವ ನಡುಮನೆಯಲ್ಲಿ. ಹಗಲಿಗೇ ಮುಖ ಮಾಡಿದಳು. ಪೌಡರನ್ನು ಮುಟ್ಟಿಯೂ ಮುಟ್ಟದ ಹಾಗೆ ಹಾಕಿದಳು. ದವಡೆಯ ಮೂಲೆ ಕೂರುವವರೆಗೆ ತಟ್ಟಿದಳು, ಅಳಿಸಿದಳು, ಮತ್ತೆ ತಟ್ಟಿದಳು. ಮುಗಿಸಿ ಅಮ್ಮನ ಮುಂದೆ ಹೋಗಿ ನಿಂತು, “ಬಂದಿದ್ಯಾ?” ಅಂತ ಕೇಳಿದಳು. ಸೀರೆಯ ನೆರಿಗೆ ಹಿಡಿದುಕೊಂಡಿದ್ದ ಅಮ್ಮ ತಲೆಯೆತ್ತದೆ, “ಯಾರು, ಬಂದ್ರಾ?” ಅಂದಳು. ಕೊನೆಗೂ ಬಲಗಡೆಯ ಮುಖ ದೊಡ್ಡಮ್ಮನ ಮೇಲೆ ಬಂದಿತ್ತು. ನೋಡುವ ಪುರುಸೊತ್ತು ಮನೆಯಲ್ಲಿ ಯಾರಿಗೂ ಇರಲಿಲ್ಲ.

ಬಂದವನಿಗೆ ನೀರು ಕೊಟ್ಟವಳು ದೊಡ್ಡಮ್ಮನೇ. ಅವನು ಲೋಟ ತೆಗೆದುಕೊಂಡು, ಅವಳ ಮುಖವನ್ನು ಒಮ್ಮೆ ನೋಡಿ, ಮರ್ಯಾದೆಯಿಂದ ಕಣ್ಣು ತೆಗೆದ. ಅಮ್ಮ ಬಂದು ಕೂತಮೇಲೆ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ.

“ಈಗ ಮೇಕಪ್ ಹಾಕಿದೀರಾ?”

“ಹೂಂ” ಅಂದಳು ಅಮ್ಮ, ಹೇಳಿಕೊಟ್ಟಂತೆ. “ಅಕ್ಕ ಹಾಕಿದ್ದು.”

ಅವನ ಮುಖ ಅರಳಿತಂತೆ. ಅಲ್ಲೇ ತನ್ನ ಅಕ್ಕನ ಕಡೆ ತಿರುಗಿ, ನನಗೆ ಒಪ್ಪಿಗೆ ಅಂದುಬಿಟ್ಟ. ಅವನೇ ನನ್ನ ಅಪ್ಪ.

ಇನ್ನು ನಮ್ಮ ಮನೆಯ ಹಳೆಯ ತಮಾಷೆಯೊಂದನ್ನು ಹೇಳಬೇಕು. ನೆಂಟರು ಸೇರಿದಾಗಲೆಲ್ಲ ಅಮ್ಮ ಇದನ್ನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. “ಮದುವೆಯಾದ ಹೊಸದರಲ್ಲಿ ಇವ್ರು ನಂಗೆ ಮುಖ ತೊಳ್ಕೊಂಡು ಬಾ ಅಂದ್ರು. ತೊಳ್ಕೊಂಡು ಬಂದೆ. ಸೋಪ್ ಹಾಕಿ ತೊಳಿ ಅಂದ್ರು. ಅದೂ ಆಯ್ತು. ಆಮೇಲೆ ತಾವೇ ಬಿಸಿನೀರು ಕಾಯಿಸಿ ತಂದುಕೊಟ್ರು. ತೊಳೆದೂ ತೊಳೆದೂ ನನ್ನ ಕೆನ್ನೆ ಕೆಂಪಾಯ್ತೇ ಹೊರತು ಇನ್ನೇನೂ ಹೋಗ್ಲಿಲ್ಲ. ಬಸ್ ತೊಳೆಯೋ ಅಭ್ಯಾಸ ನೋಡಿ.” ಎಲ್ಲರೂ ನಗುತ್ತಿದ್ದರು. ತನ್ನ ಚೆಲುವು ತೊಳೆದರೆ ಹೋಗುವಂಥದ್ದಲ್ಲ ಅನ್ನುವುದನ್ನು ಇಷ್ಟು ಚೆನ್ನಾಗಿ ಹೇಳುವ ಕಥೆ ಅಮ್ಮನಿಗೆ ಬೇರೆ ಸಿಗುತ್ತಿರಲಿಲ್ಲ. ಅಪ್ಪ ಮಾತ್ರ ಪೇಪರಿನ ಹಾಳೆ ತಿರುಗಿಸುತ್ತಿದ್ದ.

ಮದುವೆಯ ದಿನವೂ ದೊಡ್ಡಮ್ಮ ಮೇಡಮ್ಮಿನ ಅಪ್ಪಣೆಯಂತೆ ಮುಖ ತಿದ್ದಿಕೊಂಡೇ ಇದ್ದಳು. ಅದಾಗಿ ಎರಡು ಮೂರು ವಾರಕ್ಕೆ, ಕೆಲಸ ಮುಗಿಸಿ, ಪಾರ್ಲರಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ತಂಗಿಯನ್ನು ನೋಡಲು ಬರೀ ಮುಖದಲ್ಲಿ ಹೋದಳು. ಮದುವೆಯಾದ ಮೇಲೆ ಇನ್ನೇನು ಗುಟ್ಟು ಅಂದುಕೊಂಡಳು. ಬಾಗಿಲು ತೆಗೆದವನು ಅಪ್ಪ. ಅವನು ಬಾಗಿಲ ಚಿಲಕ ಹಿಡಿದುಕೊಂಡೇ ನಿಂತುಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ “ಬನ್ನಿ” ಅಂದು, ಅವಳ ಪಕ್ಕದಲ್ಲೇ ಹಾದು ಹೊರಗೆ ಹೋದವನು ಅವಳು ಎದ್ದುಹೋಗುವವರೆಗೂ ಮನೆಗೆ ಬರಲಿಲ್ಲ.

“ನನ್ನ ಮುಖ ಕಂಡ್ರೆ ಆಗಲ್ಲ ನಿನ್ ಗಂಡಂಗೆ” ಅಂದಳು ದೊಡ್ಡಮ್ಮ ತಂಗಿಗೆ. ಬೇರೆಯವರು ಈ ಮಾತನ್ನು ಬಾಯಿಮಾತಿಗೆ ಆಡುತ್ತಾರೆ. ದೊಡ್ಡಮ್ಮ ಇದ್ದದ್ದನ್ನು ಇದ್ದಂತೆ ಹೇಳಿದ್ದು. ಅಮ್ಮ ಇಲ್ಲ ಅನ್ನಲಿಲ್ಲ.

ಅಂದಿನಿಂದ ನಮ್ಮ ಮನೆಗೆ ಬರುವಾಗ ದೊಡ್ಡಮ್ಮ ಮುಖ ತಿದ್ದಿಕೊಂಡೇ ಬರುತ್ತಿದ್ದಳು. ಅಂಗಡಿಗೆ ಬರೀ ಮುಖ, ಆಸ್ಪತ್ರೆಗೆ ಬರೀ ಮುಖ, ಅಜ್ಜಿಯ ಸಾವಿನ ದಿನ ಬರೀ ಮುಖ. ನಮ್ಮ ಹೊಸ್ತಿಲಿಗೆ ಮಾತ್ರ ಕಾಂಟೂರು, ಹೈಲೈಟು. ನಾನು ಚಿಕ್ಕವಳಿದ್ದಾಗ ದೊಡ್ಡಮ್ಮನಿಗೆ ನಮ್ಮ ಮನೆಗೆ ಬರುವುದೆಂದರೆ ಅಷ್ಟು ಸಂಭ್ರಮ ಅಂದುಕೊಂಡಿದ್ದೆ. ಅವಳು ಮದುವೆಯಾಗಲಿಲ್ಲ. ಕೇಳಿದವರಿಗೆ ಅಜ್ಜಿ “ಅವಳಿಗೆ ಕೆಲಸ ಇದೆಯಲ್ಲ” ಅನ್ನುತ್ತಿದ್ದಳು, ಕೆಲಸವೇ ಒಬ್ಬ ಗಂಡ ಅನ್ನುವ ಹಾಗೆ. ಅಪ್ಪ ಅವಳನ್ನು ಅಕ್ಕ ಅಂತಲೂ ಕರೆಯಲಿಲ್ಲ, ಅತ್ತಿಗೆ ಅಂತಲೂ ಕರೆಯಲಿಲ್ಲ. ಅಷ್ಟು ವರ್ಷವೂ ‘ಅವರು’ ಅನ್ನುವುದರಲ್ಲೇ ಕಳೆದ. ಅವರು ಬಂದಿದ್ರಾ, ಅವರಿಗೆ ಊಟ ಆಯ್ತಾ. ಅವಳು ಒಳಗೆ ಬಂದರೆ ಇವನು ಚಪ್ಪಲಿ ಹಾಕಿಕೊಳ್ಳುತ್ತಿದ್ದ.

ನಾನು ಹುಟ್ಟಿದಾಗ ಅಜ್ಜಿ ಇನ್ನೂ ಇದ್ದಳು. ತೊಟ್ಟಿಲಿಗೆ ಬಗ್ಗಿ ನೋಡಿ, “ಮತ್ತೆ ಪೆಟ್ಟಿಗೆ” ಅಂದಳಂತೆ. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳಂತೆ. ಅಪ್ಪ ಎತ್ತಿಕೊಂಡವನು ನನ್ನನ್ನು ಕೆಳಗಿಳಿಸಲೇ ಇಲ್ಲವಂತೆ. ಶಾಲೆಯಲ್ಲಿ ಹುಡುಗರು ಟ್ರಂಕು ಅಂತ ಕೂಗುತ್ತಾರೆ ಅಂತ ನಾನು ಅತ್ತು ಬಂದಾಗಲೂ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು, “ಒಳ್ಳೇ ಮುಖ ಕಣೇ.” ಅಪ್ಪಂದಿರು ಹಾಗೆ ಹೇಳಲೇಬೇಕು ಅಂತ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕಳೆದ ವರ್ಷ ಮೇಡಂ ತೀರಿಕೊಂಡಳು. ಮಗ ಪಾರ್ಲರನ್ನು ಮೊಬೈಲ್ ಅಂಗಡಿಯವರಿಗೆ ಬಿಟ್ಟುಕೊಟ್ಟ. ದೊಡ್ಡಮ್ಮನ ಕೈಯಲ್ಲಿ ಉಳಿದದ್ದು ಕೆಲವು ಬ್ರಷ್ಷು, ಗುಲಾಬಿ ಕೋಟು. ಅದೇ ದಿನಗಳಲ್ಲಿ ನನಗೆ ದೊಡ್ಡದೊಂದು ಆಸ್ಪತ್ರೆಯ ರಿಸೆಪ್ಷನ್ನಿಗೆ ಅರ್ಜಿ ಹಾಕಬೇಕಾಗಿ ಬಂತು. ಸಂದರ್ಶನಕ್ಕೆ ಮುಂಚೆ ಫೋಟೋ ಕಳಿಸಿ ಅಂದಿದ್ದರು. ಮುಖ ನೋಡಿ ಮಣೆ ಹಾಕುವ ಕೆಲಸ ಅಂತ ಅಲ್ಲೇ ಗೊತ್ತಾಯಿತು. ದೊಡ್ಡಮ್ಮನಿಗೆ ಹೇಳಿದೆ. ಭಾನುವಾರ ಮಧ್ಯಾಹ್ನ ಮೇಕಪ್ಪಿನ ಡಬ್ಬಿ ಹಿಡಿದುಕೊಂಡು, ಎಂದಿನಂತೆ ಮುಖ ತಿದ್ದಿಕೊಂಡು ಬಂದಳು.

ನನ್ನನ್ನು ಹಜಾರದ ಕಿಟಕಿಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂರಿಸಿದಳು. ಮೊದಲು ಬಲಭಾಗ ಮುಗಿಸುತ್ತೇನೆ, ಎಡಭಾಗದ ಜೊತೆ ಹೋಲಿಸಿ ನೀನೇ ನೋಡಿಕೋ ಅಂದಳು. ಅವಳ ಬೆರಳು ಈಗ ಸ್ವಲ್ಪ ನಡುಗುತ್ತದೆ, ಆದರೆ ಸ್ಪಂಜು ಮುಖಕ್ಕೆ ತಾಗಿದ ಕ್ಷಣ ನಿಲ್ಲುತ್ತದೆ. ಬಲಭಾಗ ಮುಗಿಸಿ ಕೈಗನ್ನಡಿ ಕೊಟ್ಟಳು. ಒಂದು ಕಡೆ ನಾನು, ಇನ್ನೊಂದು ಕಡೆ ನಮ್ಮ ಅಮ್ಮ. ನನಗೆ ಖುಷಿಯೂ ಆಯಿತು, ಸಿಟ್ಟೂ ಬಂತು.

ಆಗ ಅಪ್ಪ ಡ್ಯೂಟಿ ಮುಗಿಸಿ ಒಳಗೆ ಬಂದ. ಚಪ್ಪಲಿ ಬಿಡುತ್ತಾ, ಯಾರಿಗೂ ಅಲ್ಲದ ಹಾಗೆ, “ಬೋರ್ಡ್ ಇಳಿಸಿಬಿಟ್ಟಿದ್ದಾರೆ” ಅಂದ. ಆಮೇಲೆ ತಲೆಯೆತ್ತಿ ನನ್ನ ಅರ್ಧ ಮುಖ ನೋಡಿದ. ಎಂದಿನಂತೆ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಹೊರಡಲಿಲ್ಲ.

“ಅಳಿಸಿಬಿಡು ಅದನ್ನ” ಅಂದ.

ದೊಡ್ಡಮ್ಮನ ಕೈ ನಿಂತಿತು. ಅವಳು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲ ಸಲ. “ನನ್ನ ಮುಖ ಕಂಡ್ರೆ ನಿಮಗಾಗಲ್ಲ, ಸರಿ. ಸುಮ್ನಿದ್ದೆ. ನನ್ನ ಕೈಕೆಲಸ ಕಂಡ್ರೂ ಆಗಲ್ವಾ?”

“ಆಗಲ್ಲ ಅಂತ ಯಾರು ಹೇಳಿದ್ದು?”

“ಹೇಳ್ಬೇಕಾ? ಬರೀ ಮುಖದಲ್ಲಿ ಒಂದೇ ಒಂದು ಸಲ ನಿಮ್ಮ ಬಾಗಿಲಿಗೆ ಬಂದೆ. ಹೊರಟುಹೋದ್ರಿ. ಅವತ್ತಿಂದ ಇದನ್ನ ಬಳ್ಕೊಂಡೇ ಬರ್ತಿದೀನಿ.”

ಅಪ್ಪ ಗೋಡೆಗೆ ಕೈ ಕೊಟ್ಟು ನಿಂತ. ಬಸ್ಸಿನ ಜನರನ್ನು ಒಂದು ಮಾತಿಲ್ಲದೆ ಜೀವಮಾನವೆಲ್ಲ ಹೊತ್ತು ತಿರುಗಿದವನು. ಈಗ ಅವನ ಬಾಯಿಂದ ಮಾತು ತುಂಡು ತುಂಡಾಗಿ ಬಂತು.

“ಸಿಗ್ನಲಲ್ಲಿ ನಿಂತಾಗ ಎಡಗಡೆ ಮುಖಾನೇ ನೋಡ್ತಿದ್ದೆ. ಇನ್ನೊಂದು ನಗ್ತಿತ್ತು, ಎಲ್ಲಾ ಬೋರ್ಡಲ್ಲೂ ನಗೋ ಹಾಗೆ. ಇದು ನಗ್ತಿರ್ಲಿಲ್ಲ. ಇಷ್ಟೇ ನಾನು, ಬೇಕಾದ್ರೆ ನೋಡು ಅಂದ ಹಾಗಿತ್ತು. ಇದನ್ನ ಯಾಕೆ ತಿದ್ದಿ ಆ ಥರ ಮಾಡ್ತಾರೆ ಅಂತ ಬೇಜಾರಾಗ್ತಿತ್ತು. ಒಬ್ಬಳೇ ಅಂದ್ಕೊಂಡಿದ್ದೆ. ಇಬ್ಬರಿದ್ದಾರೆ ಅಂತ ನಂಗೇನು ಗೊತ್ತು? ಮೇಕಪ್ ಹಾಕಿದೀರಾ ಅಂತ ಕೇಳ್ದೆ. ಹೂಂ ಅಂದ್ಲು. ಸರಿ, ಒಳಗಡೆ ಆ ಮುಖ ಇರುತ್ತೆ ಅಂದ್ಕೊಂಡೆ. ಇರ್ಲಿಲ್ಲ. ಆಮೇಲೆ ಒಂದಿನ ಬಾಗಿಲು ತೆಗೆದ್ರೆ ಎದುರಿಗೆ ನಿಂತಿತ್ತು.”

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಟೀ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ ಗೊತ್ತಿಲ್ಲ.

“ಅದಕ್ಕಾ ಬಿಸಿನೀರು ಕಾಯಿಸಿ ಕೊಟ್ಟಿದ್ದು?” ಅಂತ ಕೇಳಿದಳು.

ಅಮ್ಮ ತಟ್ಟೆಯನ್ನು ಮೇಜಿನ ಮೇಲೆ ಚೆಲ್ಲದ ಹಾಗೆ ಇಟ್ಟು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿಯ ಸದ್ದು ಬಹಳ ಹೊತ್ತು ಬಂತು. ಅಷ್ಟು ವರ್ಷ ನೆಂಟರನ್ನೆಲ್ಲ ನಗಿಸಿದ ತಮಾಷೆಯ ಅರ್ಥ ಅವಳಿಗೆ ಆವತ್ತು ತಿಳಿಯಿತು. ನಾನು ಅಮ್ಮನ ಜಂಬವನ್ನು ಚಿಕ್ಕಂದಿನಿಂದ ದ್ವೇಷಿಸಿಕೊಂಡು ಬಂದವಳು. ಆದರೂ ಆ ನೀರಿನ ಸದ್ದು ಕೇಳುತ್ತಾ ಅಪ್ಪನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಎಡಗಡೆಯವಳು ಅಂತ ಒಂದು ಮಾತು ಪಾರ್ಲರಿನ ಬಾಗಿಲಲ್ಲಿ ಅಂದಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಅಲ್ಲಿ ಬಾಯಿ ಬಿಡಲಿಲ್ಲ, ಮನೆಗೆ ಬಂದಾಗ ಬಿಡಲಿಲ್ಲ, ಕಂಡ ಮೇಲೆ ಚಪ್ಪಲಿ ಮೆಟ್ಟಿಕೊಂಡು ಓಡಿದ. ಇಬ್ಬರು ಹೆಂಗಸರ ಬಾಳು ತಿಂದು, ಈಗ ಬೋರ್ಡು ಇಳಿಸಿದರು ಅಂತ ಮರುಗುತ್ತಾನೆ.

ದೊಡ್ಡಮ್ಮ ಅಳುತ್ತಾಳೆ ಅಂದುಕೊಂಡೆ. ಅವಳು ಸ್ಪಂಜನ್ನು ಕೈಯಲ್ಲೇ ಹಿಡಿದುಕೊಂಡು ಏನೋ ಯೋಚಿಸುತ್ತಿದ್ದಳು. ಆಮೇಲೆ ಅಪ್ಪನನ್ನೇ ಕೇಳಿದಳು.

“ಅವತ್ತು ನೀವು ಮನೆಗೆ ಬಂದಾಗ ನೀರು ಕೊಟ್ಟವಳು ನಾನು. ನೋಡಿದ್ರಲ್ಲ?”

“ನೋಡ್ದೆ.”

“ಗುರುತು ಸಿಗ್ಲಿಲ್ವಾ?”

“ಇಲ್ಲ.”

“ಸ್ವಲ್ಪಾನೂ? ದಿನಾ ಬೋರ್ಡ್ ನೋಡ್ತಿದ್ದೆ ಅಂತೀರಿ. ಹಗಲು ಹೊತ್ತು. ಇಷ್ಟು ಹತ್ತಿರ.”

“ಒಂಚೂರೂ ಸಿಗ್ಲಿಲ್ಲ. ಸಿಕ್ಕಿದ್ರೆ ಹಿಂಗಾಗ್ತಿತ್ತಾ?”

ದೊಡ್ಡಮ್ಮ ತಲೆಯಾಡಿಸಿದಳು. ಬಹಳ ದಿನದಿಂದ ಕಾಯುತ್ತಿದ್ದ ಉತ್ತರ ಯಾರೋ ಕೊನೆಗೆ ತಂದುಕೊಟ್ಟ ಹಾಗೆ.

“ಬಂದಿತ್ತು ಹಾಗಾದ್ರೆ” ಅಂದಳು. “ಮೇಡಂ ಇದನ್ನ ಕೇಳಿಸ್ಕೋಬೇಕಿತ್ತು.”

ಅಪ್ಪ ಹೊರಗೆ ಹೋದ. ದೊಡ್ಡಮ್ಮ ನನ್ನ ಗದ್ದ ಹಿಡಿದು ಎಡಗೆನ್ನೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಅಳಿಸಿಬಿಡೋಣ ಅನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿ ಗದ್ದವನ್ನು ಅವಳ ಕೈಗೇ ಬಿಟ್ಟೆ. ಉಳಿದ ಅರ್ಧವನ್ನೂ ಮುಗಿಸಿದಳು. ಫೋಟೋ ಚೆನ್ನಾಗಿ ಬಂತು.

ಮುಂದಿನ ವಾರ ಅಮ್ಮನಿಗೆ ಜ್ವರ. ಜ್ವರ ಅಂತ ಅವಳು ಹೇಳಿದಳು. ಅಪ್ಪ ಮಾತಾಡುತ್ತಿರಲಿಲ್ಲ, ಅದು ಹೊಸದೇನಲ್ಲ. ದೊಡ್ಡಮ್ಮನನ್ನು ಕರೆದುಕೊಂಡು ಬರಲು ಅವಳ ಕೋಣೆಗೆ ನಾನೇ ಹೋದೆ. ಕಿಟಕಿಯ ಮುಂದೆ ಕನ್ನಡಿ ಒರಗಿಸಿಕೊಂಡು, ಕಾಂಟೂರಿನ ಡಬ್ಬಿ ತೆರೆದು, ದವಡೆಯ ಮೂಲೆಗೆ ನೆರಳು ಹಾಕುತ್ತಿದ್ದಳು. ನನಗೆ ರೇಗಿಹೋಯಿತು.

“ಇನ್ನೂ ಯಾಕೆ ದೊಡ್ಡಮ್ಮ? ಈಗ ಎಲ್ಲಾರಿಗೂ ಗೊತ್ತಾಯ್ತಲ್ಲ. ಅಪ್ಪಂಗೆ ನಿನ್ನ ಮುಖ ಕಂಡ್ರೆ ಆಗ್ದೇ ಇದ್ದಿದ್ದಲ್ಲ. ಹಾಗೇ ಬಾ.”

ಅವಳು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. “ಅದಕ್ಕೇ” ಅಂದಳು. “ಇಷ್ಟು ದಿನ ನಿಮ್ಮಪ್ಪಂಗೆ ಬೇಡ ಅಂತ ಮುಚ್ಚಿಕೊಂಡೆ. ಈಗ ಈ ಮುಖ ಹೊತ್ಕೊಂಡು ಅವಳ ಮನೆ ಬಾಗಿಲಿಗೆ ಹೋದ್ರೆ, ನಿಮ್ಮಮ್ಮ ಎಲ್ಲಿಗೆ ಹೋಗ್ಬೇಕು?”

ಅವಳು ಸ್ಪಂಜನ್ನು ಹಿಂಡಿ, ಕಿವಿಯ ಕೆಳಗಿನಿಂದ ಕತ್ತಿನವರೆಗೆ ತಟ್ಟಿದಳು. ಆಮೇಲೆ ಮುಖವನ್ನು ಬೆಳಕಿಗೆ ಹಿಡಿದು ನನ್ನ ಕಡೆ ತಿರುಗಿದಳು.

“ಎಡಗಡೆ ಮೂಲೆ ಕೂತಿದ್ಯಾ ನೋಡು” ಅಂದಳು.

ನೋಡಿದೆ. ಕೂತಿತ್ತು.